ಜಿಂಕೆಗೆ ಗುಂಡು ಎಲ್ಲಿ ಬೀಳಬೇಕು: ಬ್ರಿಟನ್ನಿನ ಡಿಎಸ್‌ಸಿ 1 ಕೋರ್ಸ್ ವಿಮರ್ಶೆ

ಬ್ರಿಟನ್ನಿನಲ್ಲಿ ಜಿಂಕೆ ಬೇಟೆ ಕಲಿಯಬೇಕೆಂದು ಯಾರನ್ನು ಕೇಳಿದರೂ ಮೊದಲು ಬರುವ ಹೆಸರು ಡಿಎಸ್‌ಸಿ 1, ಅಂದರೆ ಡೀರ್ ಸ್ಟಾಕಿಂಗ್ ಸರ್ಟಿಫಿಕೇಟ್‌ನ ಮೊದಲ ಹಂತ. ಪ್ರಮಾಣಪತ್ರದ ಹೊಣೆ ಡೀರ್ ಮ್ಯಾನೇಜ್‌ಮೆಂಟ್ ಕ್ವಾಲಿಫಿಕೇಷನ್ಸ್ ಎಂಬ ಸಂಸ್ಥೆಯದು. ಕಲಿಸಿ ಪರೀಕ್ಷೆ ನಡೆಸುವುದು ಬ್ರಿಟಿಷ್ ಡೀರ್ ಸೊಸೈಟಿ, ಬಿಎಎಸ್‌ಸಿ (ಬ್ರಿಟಿಷ್ ಅಸೋಸಿಯೇಷನ್ ಫಾರ್ ಶೂಟಿಂಗ್ ಆ್ಯಂಡ್ ಕನ್ಸರ್ವೇಷನ್) ಥರದ ಸಂಘಗಳು ಮತ್ತು ಕೆಲವು ಖಾಸಗಿ ಕೇಂದ್ರಗಳು. ಬೇಟೆಗೆ ಇದು ಇರಲೇಬೇಕೆಂದು ಕಾನೂನು ಹೇಳುವುದಿಲ್ಲ. ಆದರೆ ಜಮೀನಿನ ಮಾಲೀಕರು, ಎಸ್ಟೇಟುಗಳು, ಅರಣ್ಯ ನಿರ್ವಹಣೆಯ ಸಂಸ್ಥೆಗಳು ಒಳಗೆ ಬಿಡುವ ಮೊದಲು ಕೇಳುವ ಕಾಗದ ಇದೇ. ಕೋವಿ ಪರವಾನಗಿಗೆ ಅರ್ಜಿ ಹಾಕುವಾಗಲೂ ಇದು ಜೊತೆಗಿದ್ದರೆ ಅರ್ಜಿಗೆ ತೂಕ ಬರುತ್ತದೆ.

ಕೋರ್ಸಿನಲ್ಲಿ ಕಾನೂನು, ಜಾತಿ ಗುರುತಿಸುವಿಕೆ, ಮಾಂಸದ ಸ್ವಚ್ಛತೆ ಎಲ್ಲ ಬರುತ್ತವೆ. ಈ ವಿಮರ್ಶೆ ಮಾತ್ರ ಒಂದೇ ಪ್ರಶ್ನೆಯನ್ನು ಹಿಡಿದು ನೋಡುತ್ತದೆ: ಪ್ರಾಣಿ ನರಳದೆ ಸಾಯುವ ಹಾಗೆ ಗುಂಡನ್ನು ಸರಿಯಾದ ಜಾಗಕ್ಕೆ ಹಾಕುವುದನ್ನು ಇದು ಎಷ್ಟು ಚೆನ್ನಾಗಿ ಕಲಿಸುತ್ತದೆ? ಯಾವಾಗ ಗುಂಡು ಹಾರಿಸಬಾರದು ಎಂಬುದನ್ನು ಬಹಳ ಚೆನ್ನಾಗಿ ಕಲಿಸುತ್ತದೆ. ಅಡ್ಡಲಾಗಿ ನಿಂತ ಪ್ರಾಣಿಗೆ ಎಲ್ಲಿ ಹಾಕಬೇಕು ಎಂಬುದನ್ನು ಚೆನ್ನಾಗಿಯೇ ಕಲಿಸುತ್ತದೆ. ಪ್ರಾಣಿ ಓರೆಯಾಗಿ ನಿಂತಾಗ ಏನು ಮಾಡಬೇಕು ಎಂಬುದು ಪುಸ್ತಕದಲ್ಲಿದೆ, ಪರೀಕ್ಷೆಯಲ್ಲಿಲ್ಲ. ಇಷ್ಟು ತಿಳಿದು ಹೋದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಇಲ್ಲಿ ಬರೆದಿರುವುದು ಬ್ರಿಟನ್ನಿಗೆ ಮಾತ್ರ ಅನ್ವಯ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ ಯಾವುದನ್ನು ಹೊಡೆದರೂ ಅಪರಾಧ. ಕೊಡಗಿನಲ್ಲಿ ಪರವಾನಗಿ ವಿನಾಯಿತಿಯ ಕೋವಿ ಇಟ್ಟುಕೊಂಡಿರುವ ಮನೆಗಳಿಗೂ ಕಾಡಿನ ಮಟ್ಟಿಗೆ ಇದೇ ಕಾನೂನು. ಬ್ರಿಟನ್ನಿನ ಸ್ಥಿತಿ ಬೇರೆ. ಅಲ್ಲಿ ತೋಳ, ಕರಡಿ, ಲಿಂಕ್ಸ್ ಅಳಿದು ಶತಮಾನಗಳೇ ಆಗಿವೆ. ಜಿಂಕೆಯ ಸಂಖ್ಯೆಯನ್ನು ಹಿಡಿತದಲ್ಲಿಡುವ ಪ್ರಾಣಿ ಉಳಿದಿಲ್ಲ. ಸಸಿ ಮೇಲೇಳುವ ಮೊದಲೇ ಜಿಂಕೆ ತಿಂದು ಮುಗಿಸುವುದರಿಂದ ಕಾಡು ತಾನಾಗಿ ಬೆಳೆಯುವುದೇ ನಿಂತುಹೋದ ಜಾಗಗಳಿವೆ. ಆದ್ದರಿಂದ ಅಲ್ಲಿ ಬೇಟೆ ಕಾನೂನಿನೊಳಗೇ ನಡೆಯುವ ನಿರ್ವಹಣೆಯ ಕೆಲಸ, ಆ ಮಾಂಸ ಅಂಗಡಿಗೂ ಹೋಗುತ್ತದೆ. ಅಲ್ಲಿ ನೆಲೆಸಿ ಈ ಕೆಲಸಕ್ಕೆ ಕೈ ಹಾಕಬೇಕೆನ್ನುವ ಕನ್ನಡಿಗರಿಗಾಗಿ ಈ ಬರಹ.

ಆರು ಜಾತಿ, ಆರು ಅಳತೆ

ಚಿತ್ರ ತೋರಿಸಿ ಜಾತಿ ಗುರುತಿಸಲು ಹೇಳುವ ಭಾಗವನ್ನು ಬಾಯಿಪಾಠದ ಲೆಕ್ಕಕ್ಕೆ ಹಾಕಬೇಡಿ. ಗುಂಡು ಎಲ್ಲಿ ಬೀಳಬೇಕೆನ್ನುವ ವಿಷಯ ಇಲ್ಲಿಂದಲೇ ಶುರುವಾಗುತ್ತದೆ. ಬ್ರಿಟನ್ನಿನಲ್ಲಿ ಕಾಡಿನಲ್ಲಿ ಸಿಗುವ ಜಿಂಕೆ ಆರು ಜಾತಿ. ರೆಡ್ ಮತ್ತು ರೋ ಅಲ್ಲಿನ ಮೂಲದವು. ಫ್ಯಾಲೋ, ಸಿಕಾ, ಚೈನೀಸ್ ವಾಟರ್ ಡೀರ್, ಮಂಟ್‌ಜ್ಯಾಕ್ ಹೊರಗಿನಿಂದ ಬಂದವು. ಮಂಟ್‌ಜ್ಯಾಕ್ ನಮ್ಮ ಮಲೆನಾಡಿನ ಕಾಡುಕುರಿಯ ಹತ್ತಿರದ ಬಂಧು. ಚೀನಾದಿಂದ ತಂದು ಬೆಡ್‌ಫರ್ಡ್‌ಶೈರ್‌ನ ವೋಬರ್ನ್ ಪಾರ್ಕಿನಲ್ಲಿ ಸಾಕಿದ್ದವು ಹೊರಬಿದ್ದು, ಈಗ ಇಂಗ್ಲೆಂಡಿನ ದಕ್ಷಿಣ ಮತ್ತು ಮಧ್ಯಭಾಗದ ತುಂಬ ಹರಡಿವೆ.

ದೊಡ್ಡ ರೆಡ್ ಗಂಡು 190 ಕಿಲೋವರೆಗೆ ತೂಗುತ್ತದೆ. ಮಂಟ್‌ಜ್ಯಾಕ್ ಗಂಡು 10ರಿಂದ 18 ಕಿಲೋ, ಭುಜದ ಎತ್ತರ ಸುಮಾರು ಅರ್ಧ ಮೀಟರ್. ಇವೆರಡರ ನಡುವೆ 60ರಿಂದ 75 ಸೆಂಟಿಮೀಟರ್ ಎತ್ತರದ ರೋ. ರೆಡ್ ಜಿಂಕೆಯ ಮೇಲೆ ಕೈ ಐದು ಸೆಂಟಿಮೀಟರ್ ಅಲುಗಿದರೂ ಗುಂಡು ಶ್ವಾಸಕೋಶದಲ್ಲೇ ಇರುತ್ತದೆ. ಮಂಟ್‌ಜ್ಯಾಕ್ ಮೇಲೆ ಅದೇ ಐದು ಸೆಂಟಿಮೀಟರ್ ಹಿಂದಕ್ಕೆ ಸರಿದರೆ ಗುಂಡು ಹೊಟ್ಟೆಗೆ ಹೋಯಿತು. ನಿಮ್ಮ ಕೈ ಎಷ್ಟು ನಿಖರ ಎಂಬುದರ ಮೇಲೆ ದೂರ ನಿಗದಿ ಆಗಬೇಕು, ಮತ್ತು ಅದು ಜಾತಿಯಿಂದ ಜಾತಿಗೆ ಬೇರೆ ಇರಬೇಕು. ಕೋರ್ಸಿನ ಪುಸ್ತಕದಲ್ಲಿ ಅಳತೆಗಳಿವೆ, ದೂರಕ್ಕೂ ಅಳತೆಗೂ ಇರುವ ಈ ನಂಟನ್ನು ಎಷ್ಟು ಒತ್ತಿ ಹೇಳಬೇಕೋ ಅಷ್ಟು ಹೇಳುವುದು ಕಲಿಸುವವರ ಮೇಲೆ ನಿಂತಿದೆ.

ಮರಿಯ ಮಾತೂ ಈ ಭಾಗದಲ್ಲೇ ಬರುತ್ತದೆ, ಅದಕ್ಕೆ ಪೂರ್ಣ ಅಂಕ ಕೊಡಬೇಕು. ಒಂದೇ ಗುಂಡಿಗೆ ತಾಯಿ ಸತ್ತು, ಹಾಲು ಕುಡಿಯುವ ಮರಿ ಪೊದೆಯಲ್ಲಿ ಉಳಿದರೆ ಅದನ್ನು ಸ್ವಚ್ಛ ಬೇಟೆ ಎನ್ನಲಾಗದು. ಹೆಣ್ಣು ಮತ್ತು ಮರಿ ಒಟ್ಟಿಗಿದ್ದರೆ ಮೊದಲು ಮರಿ, ಆಮೇಲೆ ತಾಯಿ ಎಂಬುದು ಅಲ್ಲಿನ ರೂಢಿ. ಮಂಟ್‌ಜ್ಯಾಕ್ ವರ್ಷವಿಡೀ ಮರಿ ಹಾಕುವುದರಿಂದ ಅದಕ್ಕೆ ನಿಷೇಧದ ಕಾಲವೇ ಇಲ್ಲ. ಹಾಗಾಗಿ ಕಣ್ಣಿಗೆ ಕಾಣುವಷ್ಟು ತುಂಬು ಗಬ್ಬವಿರುವ ಹೆಣ್ಣನ್ನು, ಇಲ್ಲವೇ ಇನ್ನೂ ಪ್ರಾಯಕ್ಕೆ ಬಾರದ ಹೆಣ್ಣನ್ನು ಆರಿಸಬೇಕು ಎನ್ನುತ್ತಾರೆ. ಕೇಳಲು ಕಠೋರ ಅನಿಸಬಹುದು. ತುಂಬು ಗಬ್ಬದ ಹೆಣ್ಣಿನ ಹಿಂದಿನ ಮರಿ ಅಷ್ಟರಲ್ಲಿ ಹಾಲು ಬಿಟ್ಟಿರುತ್ತದೆ, ಅನಾಥವಾಗಿ ಹಸಿದು ಸಾಯುವ ಮರಿ ಹಿಂದೆ ಉಳಿಯುವುದಿಲ್ಲ ಎಂಬುದು ಇದರ ಹಿಂದಿನ ಲೆಕ್ಕ.

ಗುರಿ ಪರೀಕ್ಷೆ

ಕೋರ್ಸಿನ ತಿರುಳು ಇದು. ಮೊದಲು 100 ಮೀಟರಿನಿಂದ ಮೂರು ಗುಂಡು, ಮೂರೂ ಹತ್ತು ಸೆಂಟಿಮೀಟರಿನ ವೃತ್ತದೊಳಗೆ ಬೀಳಬೇಕು. ಕೋವಿ ಮತ್ತು ಅದರ ಮೇಲೆ ಕೂರಿಸಿದ ದುರ್ಬೀನು ಹೊಂದಿಕೊಂಡಿವೆಯೇ ಎಂದು ನೋಡುವ ಹಂತ ಅದು. ಆಮೇಲೆ ಜಿಂಕೆಯ ಆಕಾರದ ಗುರಿಗೆ ಆರು ಗುಂಡು: 100 ಮೀಟರಿನಿಂದ ಮಲಗಿ ಎರಡು, 70 ಮೀಟರಿನಿಂದ ಕೂತು ಅಥವಾ ಮಂಡಿಯೂರಿ ಎರಡು, 40 ಮೀಟರಿನಿಂದ ನಿಂತು ಎರಡು. ನಿಂತು ಹೊಡೆಯುವಾಗ ಕೋಲಿನ ಆಸರೆ ತೆಗೆದುಕೊಳ್ಳಬಹುದು. ಆರೂ ಎದೆಯ ನಿಗದಿತ ವಲಯದೊಳಗೆ ಇರಬೇಕು, ಐದು ಸಾಲದು. ತಪ್ಪಿದರೆ ಮತ್ತೆ ಅವಕಾಶ ಕೊಡುತ್ತಾರೆ.

ಈ ಪರೀಕ್ಷೆಯನ್ನು ಮೆಚ್ಚಲು ಎರಡು ಕಾರಣ. ಒಂದು, ಬೆಂಚಿನ ಮೇಲೆ ಮರಳುಚೀಲ ಇಟ್ಟು ಹೊಡೆಸುವುದಿಲ್ಲ, ಕಾಡಿನಲ್ಲಿ ನಿಜವಾಗಿ ಸಿಗುವ ನಿಲುವುಗಳಲ್ಲೇ ಹೊಡೆಸುತ್ತಾರೆ. ಎರಡು, ಜಿಂಕೆಯ ಚಿತ್ರದ ಮೇಲೆ ಕಣ್ಣಿಗೆ ಹೊಡೆಯುವ ಕಪ್ಪು ಬೊಟ್ಟು ಇರುವುದಿಲ್ಲ. ಮುಂಗಾಲು ಎಲ್ಲಿ, ಎದೆಯ ತಳ ಎಲ್ಲಿ, ಬೆನ್ನು ಎಲ್ಲಿ ಎಂದು ನೋಡಿ ಜಾಗವನ್ನು ನೀವೇ ಹುಡುಕಿಕೊಳ್ಳಬೇಕು.

ಇಲ್ಲಿ ತಪ್ಪುವವರಲ್ಲಿ ಹೆಚ್ಚಿನವರು 40 ಮೀಟರಿನಲ್ಲಿ ತಪ್ಪುತ್ತಾರೆ, ಹತ್ತಿರವಿದ್ದರೂ. ಗುಂಡು ಕೆಳಗೆ ಬಿದ್ದರೆ ದುರ್ಬೀನಿನ ಮೇಲೆ ತಪ್ಪು ಹೊರಿಸುವುದು ಸುಲಭ, ಲೆಕ್ಕ ಅದನ್ನು ಒಪ್ಪುವುದಿಲ್ಲ. ದುರ್ಬೀನು ನಳಿಗೆಗಿಂತ 4 ಸೆಂಟಿಮೀಟರ್ ಮೇಲಿದ್ದು, ಕೋವಿಯನ್ನು 100 ಮೀಟರಿಗೆ ಹೊಂದಿಸಿ, ಗುಂಡಿನ ವೇಗ ಸೆಕೆಂಡಿಗೆ 800 ಮೀಟರ್ ಆಸುಪಾಸು ಇದ್ದರೆ, 40 ಮೀಟರಿನಲ್ಲಿ ಗುಂಡು ಗುರಿಗೆರೆಗಿಂತ ಅರ್ಧ ಸೆಂಟಿಮೀಟರಿಗಿಂತಲೂ ಕಡಿಮೆ ಕೆಳಗಿರುತ್ತದೆ. ಲೆಕ್ಕಕ್ಕೇ ಇಲ್ಲ. ತಪ್ಪು ನಿಲುವಿನದು: ಕೋಲನ್ನು ಎದೆಗಿಂತ ಎತ್ತರ ಇಟ್ಟು ಹಿಮ್ಮಡಿ ಏಳುವುದು, ಉಸಿರು ಬಹಳ ಹೊತ್ತು ಬಿಗಿಹಿಡಿಯುವುದು, ದುರ್ಬೀನಿನೊಳಗಿನ ಅಡ್ಡಗೆರೆ ಗುರಿಯ ಮೇಲೆ ಹಾದುಹೋಗುವ ಕ್ಷಣಕ್ಕೆ ಕುದುರೆಯನ್ನು (ಟ್ರಿಗರ್) ಜಗ್ಗುವುದು. ಅಡ್ಡಗೆರೆ ಅಲುಗಾಡುವುದು ಸಹಜ. ಅದು ವಲಯದೊಳಗೇ ಅಲುಗಾಡುತ್ತಿದ್ದರೆ ಬೆರಳಿನ ಒತ್ತಡ ನಿಧಾನವಾಗಿ ಏರಲಿ, ವಲಯದಿಂದ ಹೊರಗೆ ಹೋಗಿ ಬರುತ್ತಿದ್ದರೆ ಕೋವಿ ಇಳಿಸಿ ಮತ್ತೆ ನಿಲ್ಲಿ.

ಇದೇ ಲೆಕ್ಕ ಇನ್ನೊಂದು ಕಡೆ ನಿಜಕ್ಕೂ ಬೇಕಾಗುತ್ತದೆ, ಅದನ್ನು ಕೇಂದ್ರದಲ್ಲಿ ಹೇಳದಿದ್ದರೆ ನೀವೇ ಕೇಳಿ. 20 ಮೀಟರಿನಲ್ಲಿ ಅದೇ ಕೋವಿಯ ಗುಂಡು ಸುಮಾರು 2 ಸೆಂಟಿಮೀಟರ್ ಕೆಳಗೆ, 10 ಮೀಟರಿನಲ್ಲಿ 3 ಸೆಂಟಿಮೀಟರಿನ ಹತ್ತಿರ ಕೆಳಗೆ ಬೀಳುತ್ತದೆ. ಎದೆಗೆ ಹೊಡೆಯುವಾಗ ಇದು ಗೊತ್ತೇ ಆಗುವುದಿಲ್ಲ. ಗಾಯಗೊಂಡು ಬಿದ್ದ ಪ್ರಾಣಿಯ ನೋವು ಮುಗಿಸಲು ಹತ್ತಿರದಿಂದ ತಲೆಗೆ ಹೊಡೆಯಬೇಕಾದಾಗ ಆ 3 ಸೆಂಟಿಮೀಟರ್ ಮೆದುಳಿಗೂ ದವಡೆಗೂ ಇರುವ ಅಂತರ.

ಎದೆಯ ಒಳಗೆ ಏನಿದೆ

ಸಿದ್ಧಾಂತದ ಪಾಠಗಳಲ್ಲಿ ಇದಕ್ಕೇ ಹೆಚ್ಚು ಸಮಯ ಕೊಡುವ ಕೇಂದ್ರವನ್ನು ಆರಿಸಿ. ಅಡ್ಡಲಾಗಿ ನಿಂತ ಜಿಂಕೆಯ ಮುಂಗಾಲಿನ ಹಿಂಬದಿಯ ಅಂಚಿನಿಂದ ಮೇಲಕ್ಕೆ ಒಂದು ಗೆರೆ ಎಳೆದುಕೊಳ್ಳಿ. ಎದೆಯ ತಳದಿಂದ ಬೆನ್ನಿನವರೆಗಿನ ಎತ್ತರವನ್ನು ಮೂರು ಪಾಲು ಮಾಡಿ, ಕೆಳಗಿನ ಪಾಲು ಮುಗಿಯುವ ಕಡೆ ಆ ಗೆರೆ ಸೇರುವ ಜಾಗವೇ ಗುರಿ. ಅಲ್ಲಿ ಹೃದಯದ ಮೇಲ್ಭಾಗ, ಅದರಿಂದ ಹೊರಡುವ ದೊಡ್ಡ ರಕ್ತನಾಳಗಳು, ಎರಡೂ ಶ್ವಾಸಕೋಶ ಒಟ್ಟಿಗೆ ಸಿಗುತ್ತವೆ. ರಕ್ತದ ಒತ್ತಡ ಕುಸಿದು ಕೆಲವೇ ಸೆಕೆಂಡಿನಲ್ಲಿ ಮೆದುಳಿಗೆ ರಕ್ತ ನಿಲ್ಲುತ್ತದೆ. ಅಷ್ಟರಲ್ಲಿ ಜಿಂಕೆ ಐವತ್ತು ಮೀಟರ್ ಓಡಿರಬಹುದು, ಒಮ್ಮೊಮ್ಮೆ ಇನ್ನೂ ಹೆಚ್ಚು. ಓಡಿತೆಂದರೆ ಗುಂಡು ತಪ್ಪಿತು ಎಂದಲ್ಲ. ಇದನ್ನು ಕೋರ್ಸು ಮತ್ತೆ ಮತ್ತೆ ಹೇಳುತ್ತದೆ, ಹೇಳಲೇಬೇಕು. ನಿಂತಲ್ಲೇ ಬೀಳಲಿ ಎಂಬ ಆಸೆಯೇ ಹೊಸಬರನ್ನು ಕತ್ತು, ತಲೆಗಳ ಕಡೆಗೆ ಎಳೆಯುತ್ತದೆ.

ಆ ಜಾಗದ ಸುತ್ತ ಏನೇನಿದೆ ಎಂಬುದು ಇನ್ನೂ ಮುಖ್ಯ. ಸ್ವಲ್ಪ ಮೇಲೆ ಹೋದರೂ ಶ್ವಾಸಕೋಶ, ಸ್ವಲ್ಪ ಹಿಂದೆ ಹೋದರೂ ಶ್ವಾಸಕೋಶ. ಇನ್ನೂ ಹಿಂದೆ ಹೋದರೆ ವಪೆ, ಅದರಾಚೆ ಲಿವರ್, ಅದರಾಚೆ ಮೆಲುಕಿನ ಹೊಟ್ಟೆ. ಲಿವರಿಗೆ ಬಿದ್ದ ಜಿಂಕೆ ಸಾಯುತ್ತದೆ, ತಡವಾಗಿ. ಹೊಟ್ಟೆಗೆ ಬಿದ್ದದ್ದು ಗಂಟೆಗಟ್ಟಲೆ ನರಳುತ್ತದೆ. ಕೆಳಗೆ ಹೋದರೆ ಎದೆಯ ತಳದ ಮಾಂಸ, ಮುರಿದ ಮುಂಗಾಲು. ಮೂರು ಕಾಲಿನಲ್ಲಿ ಅದು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ನೋಡಿದವರು ಮರೆಯುವುದಿಲ್ಲ.

ತೀರಾ ಮೇಲೆ ಹೋದ ಗುಂಡು ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುತ್ತದೆ. ಜಿಂಕೆಯ ಹೆಗಲಿನ ಮೇಲೆ ಬೆನ್ನುಮೂಳೆಯ ಮುಳ್ಳುಗಳು ಉದ್ದವಾಗಿ ಮೇಲಕ್ಕೆ ಚಾಚಿರುತ್ತವೆ, ಬೆನ್ನುಹುರಿ ಹೊರಗೆ ಕಾಣುವ ಬೆನ್ನಿನ ಗೆರೆಗಿಂತ ಸಾಕಷ್ಟು ಕೆಳಗಿರುತ್ತದೆ. ಗುಂಡು ಆ ಮುಳ್ಳುಗಳಿಗೆ ತಗುಲಿದರೆ ಆಘಾತಕ್ಕೆ ಜಿಂಕೆ ನಿಂತಲ್ಲೇ ದೊಪ್ಪನೆ ಬೀಳುತ್ತದೆ, ಸತ್ತಿತೆಂದೇ ಅನಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎದ್ದು ಕಾಡು ಸೇರುತ್ತದೆ, ಮತ್ತೆ ಸಿಗುವುದು ಕಷ್ಟ. ಅದಕ್ಕೇ ಗುಂಡು ಹೊಡೆದ ತಕ್ಷಣ, ಜಿಂಕೆ ಬಿದ್ದಿರಲಿ ಓಡಿರಲಿ, ಎರಡನೆಯ ತೋಟೆ ನಳಿಗೆಗೆ ಹೋಗಬೇಕು, ಕಣ್ಣು ದುರ್ಬೀನಿನಲ್ಲೇ ಇರಬೇಕು. ಸೇಫ್ಟಿ ಹಾಕಿ ಎದ್ದು ನಿಲ್ಲುವ ಅಭ್ಯಾಸವನ್ನು ಪರೀಕ್ಷಕರು ಕಂಡರೆ ಅಲ್ಲೇ ತಿದ್ದುತ್ತಾರೆ, ಒಳ್ಳೆಯದು.

ಗುಂಡು ಮೇಲೆ ಹೋಗುವುದಕ್ಕೆ ಒಂದು ಸಾಮಾನ್ಯ ಕಾರಣ ಹುಲ್ಲು. ಮಂಡಿಯೆತ್ತರದ ಹುಲ್ಲಿನಲ್ಲಿ ನಿಂತ ರೋ ಜಿಂಕೆಯ ಕಾಲು, ಹೊಟ್ಟೆಯ ಅಂಚು, ಎದೆಯ ತಳ ಮುಚ್ಚಿಹೋಗಿರುತ್ತವೆ. ಕಂಡಷ್ಟೇ ಮೈ ಎಂದು ಲೆಕ್ಕ ಹಾಕಿ ಅದರ ನಡುವಿಗೆ ಹೊಡೆದರೆ ಗುಂಡು ಬೆನ್ನಿನ ಹತ್ತಿರ ಹೋಗುತ್ತದೆ. ಇಂಥ ಕಡೆ ತಳದಿಂದ ಅಳೆಯದೆ ಬೆನ್ನಿನ ಗೆರೆಯಿಂದ ಕೆಳಕ್ಕೆ ಅಳೆಯಬೇಕು. ಮೈಯ ಆಳ ಎಷ್ಟೆಂದು ಮೊದಲೇ ಗೊತ್ತಿರಬೇಕು. ಗೊತ್ತಾಗದಿದ್ದರೆ ಅದು ಬಯಲಿಗೆ ಬರುವ ತನಕ ಕಾಯಬೇಕು. ಹುಲ್ಲಿನ ಒಳಗಿಂದ ಹೊಡೆಯುವುದು ಬೇಡವೇ ಬೇಡ. ದಪ್ಪ ದಂಟು, ಸಣ್ಣ ಕೊಂಬೆ ಸಹ ಗುಂಡನ್ನು ದಿಕ್ಕು ತಪ್ಪಿಸಬಲ್ಲವು. ಚಳಿಗಾಲದಲ್ಲಿ ಇದರ ತಿರುವುಮುರುವು: ದಟ್ಟ ಕೂದಲು ಎದೆಯ ತಳವನ್ನು ಇರುವುದಕ್ಕಿಂತ ಕೆಳಗೆ ತೋರಿಸುತ್ತದೆ.

ಕತ್ತಿನ ವಿಷಯದಲ್ಲಿ ಕೋರ್ಸಿನ ನಿಲುವು ಕಟ್ಟುನಿಟ್ಟಾಗಿದೆ, ಸರಿಯಾಗಿಯೇ ಇದೆ. ಕತ್ತಿನೊಳಗೆ ಬೆನ್ನುಮೂಳೆ ನೇರವಾಗಿ ಸಾಗುವುದಿಲ್ಲ, ಬಾಗಿ ಸಾಗುತ್ತದೆ. ಹೊರಗಿನಿಂದ ನೋಡಿ ಅದು ಎಲ್ಲಿದೆ ಎಂದು ಹೇಳುವುದು ಅನುಭವಿಗಳಿಗೂ ಕಷ್ಟ. ತಪ್ಪಿದ ಗುಂಡು ಬರೀ ಮಾಂಸ ಹರಿಯಬಹುದು, ಇಲ್ಲವೇ ಉಸಿರುನಾಳ ಸೀಳಬಹುದು. ತಲೆಯಲ್ಲಿ ಮೆದುಳಿನ ಜಾಗ ಚಿಕ್ಕದು, ತಲೆ ಯಾವ ಕ್ಷಣ ಬೇಕಾದರೂ ತಿರುಗುತ್ತದೆ. ದವಡೆ ಮುರಿದ ಜಿಂಕೆ ಓಡಿಹೋಗಿ ದಿನಗಟ್ಟಲೆ ಹಸಿದು ಸಾಯುತ್ತದೆ. ಮಾಂಸ ಕೆಡದಿರಲೆಂದು ತಲೆಗೆ ಹೊಡೆಯುವವರಿದ್ದಾರೆ. ಒಂದೆರಡು ಕಿಲೋ ಮಾಂಸಕ್ಕಾಗಿ ಅಷ್ಟು ದೊಡ್ಡ ಅಪಾಯವನ್ನು ಪ್ರಾಣಿಯ ಮೇಲೆ ಹೇರಬಾರದು.

ಚಪ್ಪಟೆ ಗುರಿ ಕಲಿಸದ್ದು

ಕೋರ್ಸಿನ ದೊಡ್ಡ ಕೊರತೆ ಇಲ್ಲಿದೆ. ಪರೀಕ್ಷೆಯ ಜಿಂಕೆ ಕಾಗದದ್ದು, ಚಪ್ಪಟೆ, ಯಾವಾಗಲೂ ಪೂರ್ತಿ ಅಡ್ಡಲಾಗಿ ನಿಂತದ್ದು. ಅದರ ಮೇಲೆ ಅಭ್ಯಾಸ ಮಾಡಿದವರಿಗೆ ಚರ್ಮದ ಮೇಲಿನ ಒಂದು ಬಿಂದು ಮನಸ್ಸಿನಲ್ಲಿ ನಿಲ್ಲುತ್ತದೆ. ನಿಲ್ಲಬೇಕಾದದ್ದು ಒಳಗಿನ ಜಾಗ. ಎರಡು ಮುಂಗಾಲುಗಳ ನಡುವೆ, ಎದೆಗೂಡಿನ ಒಳಗೆ, ಸುಲಿದ ತೆಂಗಿನಕಾಯಿಯೊಂದು ತೂಗುತ್ತಿದೆ ಎಂದುಕೊಳ್ಳಿ. ಜಿಂಕೆ ಯಾವ ಕಡೆ ತಿರುಗಿದರೂ ಗುಂಡು ಆ ಕಾಯಿಯ ನಡುವೆ ಹಾದುಹೋಗಬೇಕು. ಚರ್ಮದ ಮೇಲೆ ಗುಂಡು ಹೊಗುವ ಜಾಗ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಜಿಂಕೆ ಓರೆಯಾಗಿ ಆಚೆಗೆ ಮುಖ ಮಾಡಿ ನಿಂತಿದ್ದರೆ ಹೊಗುವ ಜಾಗ ಹಿಂದಕ್ಕೆ ಸರಿಯಬೇಕು. ಆಚೆ ಬದಿಯ ಮುಂಗಾಲನ್ನು ನೋಡಿ, ಗುಂಡು ಅದರ ಬುಡದಲ್ಲಿ ಹೊರಬರುವಂತೆ ಲೆಕ್ಕ ಹಾಕಬೇಕು. ಓರೆ ಸುಮಾರು 30 ಡಿಗ್ರಿಯ ಒಳಗಿದ್ದರೆ ಪರವಾಗಿಲ್ಲ. 45 ಆದರೆ ಸಣ್ಣ ಜಾತಿಗಳಲ್ಲಿ ಗುಂಡು ಮೊದಲು ಮೆಲುಕಿನ ಹೊಟ್ಟೆಯನ್ನು ತೂರಿಕೊಂಡೇ ಎದೆಗೆ ಹೋಗಬೇಕಾಗುತ್ತದೆ. ಓರೆಯಾಗಿ ಈಚೆಗೆ ಮುಖ ಮಾಡಿದ್ದರೆ ಎದುರಿಗೆ ಹೆಗಲಿನ ಮೂಳೆ ಬರುತ್ತದೆ, ದಾಟಿದ ಗುಂಡು ಹೊಟ್ಟೆಯ ಕಡೆಗೇ ಹೋಗುತ್ತದೆ; ಹೊಸಬರು ಬಿಟ್ಟುಬಿಡುವುದೇ ಸರಿ. ನೇರ ಎದುರಿಗೆ ನಿಂತರೆ ಜಾಗ ತೀರಾ ಕಿರಿದು. ಹಿಂಬದಿಯಿಂದ ಯಾರೂ, ಎಂದೂ ಹೊಡೆಯಬಾರದು.

ಮಚಾನಿನಿಂದ ಹೊಡೆಯುವುದು ಇಂಗ್ಲೆಂಡಿನ ಕಾಡುಗಳಲ್ಲಿ ತೀರಾ ಸಾಮಾನ್ಯ. ಗುಂಡು ನೆಲದ ಕಡೆಗೆ ಹೋಗುವುದರಿಂದ ಸುರಕ್ಷಿತ ಕೂಡ. ಕೋವಿ ಜಿಂಕೆಯ ಎದೆಗಿಂತ ಮೂರೂವರೆ ಮೀಟರ್ ಮೇಲಿದ್ದು ಜಿಂಕೆ 25 ಮೀಟರ್ ದೂರವಿದ್ದರೆ ಇಳಿಜಾರು 8 ಡಿಗ್ರಿ ಮಾತ್ರ. 20 ಸೆಂಟಿಮೀಟರ್ ಅಗಲದ ಎದೆಯನ್ನು ದಾಟುವಷ್ಟರಲ್ಲಿ ಗುಂಡು 3 ಸೆಂಟಿಮೀಟರ್ ಇಳಿಯುತ್ತದೆ. ಅದೇ ಜಿಂಕೆ 10 ಮೀಟರಿಗೆ ಬಂದರೆ ಇಳಿಜಾರು 19 ಡಿಗ್ರಿ ಆಗಿ ಗುಂಡು 7 ಸೆಂಟಿಮೀಟರ್ ಇಳಿಯುತ್ತದೆ. ಆಗ ಹೊಗುವ ಜಾಗವನ್ನು ಮೂರು ನಾಲ್ಕು ಸೆಂಟಿಮೀಟರ್ ಮೇಲಕ್ಕೆ ಇಟ್ಟುಕೊಂಡರೆ ಗುಂಡು ಎದೆಯ ನಡುವೆ ಸಾಗುತ್ತದೆ. ಇಟ್ಟುಕೊಳ್ಳದಿದ್ದರೆ ಒಂದೇ ಶ್ವಾಸಕೋಶಕ್ಕೆ ತಾಗಿ ಎದೆಯ ತಳದಲ್ಲಿ ಹೊರಬೀಳಬಹುದು. ಒಂದು ಶ್ವಾಸಕೋಶ ಉಳಿದ ಜಿಂಕೆ ಬಹಳ ದೂರ ಹೋಗುತ್ತದೆ.

ಈ ಲೆಕ್ಕಗಳನ್ನೆಲ್ಲ ಕೈಗೆ ಹತ್ತಿಸುವ ಪರೀಕ್ಷೆ ಮೊದಲ ಹಂತದಲ್ಲಿ ಇಲ್ಲ. ಎರಡನೆಯ ಹಂತವಾದ ಡಿಎಸ್‌ಸಿ 2ರಲ್ಲಿ ಮಾನ್ಯತೆ ಪಡೆದ ಸಾಕ್ಷಿಯೊಬ್ಬರ ಎದುರಿಗೆ ನಿಜವಾದ ಬೇಟೆಯಲ್ಲಿ ಇದನ್ನು ತೋರಿಸಬೇಕು. ಮೊದಲ ಹಂತ ಮುಗಿಸಿ ನೇರ ಒಬ್ಬರೇ ಕಾಡಿಗೆ ಹೋಗುವವರಿದ್ದಾರೆ, ಕಾನೂನು ತಡೆಯುವುದಿಲ್ಲ. ಹಾಗೆ ಹೋಗುವುದಾದರೆ ಪೂರ್ತಿ ಅಡ್ಡಲಾಗಿ ನಿಂತ ಜಿಂಕೆಗೆ ಮಾತ್ರ, ಪರೀಕ್ಷೆಯಲ್ಲಿ ಹೊಡೆದ ದೂರದ ಒಳಗೆ ಮಾತ್ರ ಎಂದು ಮೊದಲ ಒಂದೆರಡು ಸೀಸನ್ನಿಗೆ ಗೆರೆ ಹಾಕಿಕೊಳ್ಳಿ.

ಗುಂಡು ಹೊಡೆದ ಮೇಲೆ

ಈ ಪಾಠ ನಿರೀಕ್ಷೆಗಿಂತ ಚೆನ್ನಾಗಿದೆ. ಗುಂಡು ಬಿದ್ದ ಕ್ಷಣಕ್ಕೆ ಜಿಂಕೆ ಏನು ಮಾಡಿತು ಎಂಬುದೇ ಮೊದಲ ಸಾಕ್ಷಿ. ಎದೆಗೆ ಬಿದ್ದರೆ ಮುಂದಕ್ಕೆ ಅಥವಾ ಮೇಲಕ್ಕೆ ಜಿಗಿದು, ತಲೆ ತಗ್ಗಿಸಿ ಎಲ್ಲೆಂದರಲ್ಲಿ ನುಗ್ಗುತ್ತದೆ. ಹೊಟ್ಟೆಗೆ ಬಿದ್ದರೆ ಬೆನ್ನು ಗೂನಾಗಿ, ಹಿಂಗಾಲು ಒದರಿ ನಿಧಾನವಾಗಿ ಸರಿಯುತ್ತದೆ. ಕಾಲಿಗೆ ಬಿದ್ದರೆ ಆ ಕಾಲು ಜೋತಾಡುವುದು ಕಾಣುತ್ತದೆ. ಜಿಂಕೆ ನಿಂತಿದ್ದ ಜಾಗವನ್ನು ಕಣ್ಣಲ್ಲಿ ಕಟ್ಟಿಕೊಳ್ಳಿ: ಯಾವ ಮರದ ಬಲಕ್ಕೆ, ಯಾವ ಕುಳಿಯ ಈಚೆಗೆ. ಹೊಡೆದ ಜಾಗದಲ್ಲೂ ಒಂದು ಗುರುತು ಬಿಟ್ಟು ಹೊರಡಿ. ಅಲ್ಲಿಗೆ ನಡೆದು ಹೋದ ಮೇಲೆ ಎಲ್ಲ ಮರವೂ ಒಂದೇ ಥರ ಕಾಣುತ್ತವೆ.

ನೆಲದ ಗುರುತು ಓದುವುದು ಮುಂದಿನ ಕೆಲಸ. ತೆಳು ಗುಲಾಬಿ ಬಣ್ಣದ, ನೊರೆ ಬೆರೆತ ರಕ್ತ ಶ್ವಾಸಕೋಶದ್ದು. ಕಡುಗೆಂಪಾಗಿ ಧಾರಾಳವಾಗಿ ಚೆಲ್ಲಿದ್ದರೆ ಹೃದಯ, ದೊಡ್ಡ ರಕ್ತನಾಳಗಳ ಕಡೆಯದು. ಕಂದುಗಪ್ಪು ರಕ್ತ ಲಿವರಿನದು. ಹಸಿರು ಕಲಸಿದ ನೀರು, ಅರೆಜಗಿದ ಸೊಪ್ಪು, ಕೆಟ್ಟ ವಾಸನೆ ಇದ್ದರೆ ಹೊಟ್ಟೆ. ಬಿಳಿ ಮೂಳೆಚೂರು ಕೊಳವೆಯ ತುಂಡಿನಂತೆ ಬಾಗಿದ್ದರೆ ಕಾಲಿನದು, ಚಪ್ಪಟೆಯಾಗಿದ್ದರೆ ಪಕ್ಕೆಲುಬಿನದಿರಬಹುದು. ಎದೆಯ ಗುರುತು ಸಿಕ್ಕರೂ ಕೆಲವು ನಿಮಿಷ ಬಿಟ್ಟೇ ಹೊರಡಬೇಕು. ಹೊಟ್ಟೆಯ ಗುರುತು ಕಂಡರೆ ಅಟ್ಟಿಸಿಕೊಂಡು ಹೋಗಲೇಬಾರದು. ಬೆನ್ನಟ್ಟದಿದ್ದರೆ ಅದು ಹತ್ತಿರದ ಪೊದೆಯಲ್ಲೇ ಮಲಗುತ್ತದೆ, ಬೆನ್ನಟ್ಟಿದರೆ ಇನ್ನೊಂದು ಊರು ದಾಟುತ್ತದೆ. ಕಾದು, ಪಳಗಿದ ನಾಯಿ ತಂದು ಹುಡುಕಬೇಕು. ನಾಯಿ ಇರುವ ಸ್ಥಳೀಯರ ನಂಬರ್ ಬೇಟೆಗೆ ಹೊರಡುವ ಮೊದಲೇ ಫೋನಿನಲ್ಲಿರಲಿ. ಸಿಕ್ಕ ಜಿಂಕೆಯ ಬಳಿಗೆ ಹಿಂಬದಿಯಿಂದ ಹೋಗಿ, ಕೋಲಿನ ತುದಿಯಿಂದ ಕಣ್ಣು ಮುಟ್ಟಿ. ರೆಪ್ಪೆ ಅಲುಗಿದರೆ ಜೀವ ಇದೆ.

ಕರುಳು ತೆಗೆಯುವ ಕೆಲಸಕ್ಕೆ ಅಲ್ಲಿ ಗ್ರಾಲಕ್ ಎನ್ನುತ್ತಾರೆ. ಅದನ್ನು ಕಣ್ಣೆದುರಿಗೆ ಮಾಡಿ ತೋರಿಸುವ ಕೇಂದ್ರಕ್ಕೆ ಹೋಗಿ, ಬರೀ ವಿಡಿಯೋ ತೋರಿಸುವ ಕಡೆಗೆ ಬೇಡ. ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ನೋಡಿ ರೋಗ ಪತ್ತೆ ಮಾಡುವುದು, ಮಾಂಸವನ್ನು 7 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾಗಿ ಇಡುವುದು, ಇವೆಲ್ಲ ಪರೀಕ್ಷೆಗೆ ಬೇಕು. ಇದರ ಜೊತೆಗೆ ಗುಂಡಿನ ಪಾಠ ಪೂರ್ತಿಯಾಗುವುದೂ ಇಲ್ಲೇ. ಎದೆ ಬಿಚ್ಚಿದಾಗ ಗುಂಡು ಹೊಕ್ಕ ಕಡೆಯಿಂದ ಹೊರಬಂದ ಕಡೆಗೆ ಬೆರಳಿಟ್ಟು ದಾರಿ ಹಿಡಿದು ನೋಡಿ. ನೀವು ಅಂದುಕೊಂಡ ದಾರಿಗೂ ಗುಂಡು ಹೋದ ದಾರಿಗೂ ಎಷ್ಟು ಅಂತರ ಎಂಬುದು ಅಲ್ಲಿ ಬರೆದಿರುತ್ತದೆ.

ತೋಟೆ

ಇಂಗ್ಲೆಂಡಿನಲ್ಲಿ 1991ರ ಡೀರ್ ಆ್ಯಕ್ಟ್ ಪ್ರಕಾರ ಜಿಂಕೆಗೆ ಕನಿಷ್ಠ .240 ಇಂಚು ವ್ಯಾಸದ ಕೋವಿ, ನಳಿಗೆಯ ಬಾಯಲ್ಲಿ 1,700 ಅಡಿ-ಪೌಂಡ್ ಶಕ್ತಿ, ತಗುಲಿದಾಗ ಅರಳುವ ಗುಂಡು ಬೇಕು. ಮಂಟ್‌ಜ್ಯಾಕ್ ಮತ್ತು ಚೈನೀಸ್ ವಾಟರ್ ಡೀರ್‌ಗೆ ಮಾತ್ರ .220 ಇಂಚು, 1,000 ಅಡಿ-ಪೌಂಡ್, 50 ಗ್ರೇನ್ (ಗುಂಡಿನ ತೂಕದ ಅಳತೆ) ಸಾಕು. ಸ್ಕಾಟ್ಲೆಂಡಿನ ನಿಯಮ ಬೇರೆ. ಅಲ್ಲಿ ದೊಡ್ಡ ಜಿಂಕೆಗಳಿಗೆ 100 ಗ್ರೇನ್ ಎಂದಿದ್ದ ಕನಿಷ್ಠ ತೂಕವನ್ನು ತಾಮ್ರದ ಗುಂಡಿಗೆ ಅನುಕೂಲವಾಗಲೆಂದು 2023ರಲ್ಲಿ 80ಕ್ಕೆ ಇಳಿಸಿದರು. ಸೀಸದ ಗುಂಡು ಬ್ರಿಟನ್ನಿನಲ್ಲಿ ಹಿಂದೆ ಸರಿಯುತ್ತಿದೆ, ಹೊಸದಾಗಿ ಕಲಿಯುವವರು ತಾಮ್ರದಲ್ಲೇ ಶುರು ಮಾಡುವುದು ಜಾಣತನ. ತಾಮ್ರ ಚೂರಾಗದೆ ನೇರ ಆಳಕ್ಕೆ ಹೋಗುತ್ತದೆ, ಮಾಂಸ ಕಡಿಮೆ ಕೆಡುತ್ತದೆ. ಆದರೆ ವೇಗ ತಗ್ಗಿದಷ್ಟೂ ಅದು ಅರಳುವುದು ಕಡಿಮೆ. ಹಾಗಾಗಿ ತಾಮ್ರದ ಗುಂಡನ್ನು ಎದೆಯ ಹಿಂಭಾಗಕ್ಕೆ ಹಾಕಿದರೆ ಜಿಂಕೆ ಹೆಚ್ಚು ದೂರ ಓಡಬಹುದು, ಮುಂಗಾಲಿನ ಗೆರೆಗೆ ಒತ್ತಿ ಹಾಕುವುದು ಒಳ್ಳೆಯದು. ಹೊಸ ತೋಟೆ ಕೊಂಡಾಗಲೆಲ್ಲ ದುರ್ಬೀನನ್ನು ಮತ್ತೆ ಹೊಂದಿಸಿ. ಒಂದೇ ತೂಕದ ಸೀಸ ಮತ್ತು ತಾಮ್ರ ಒಂದೇ ಜಾಗಕ್ಕೆ ಬೀಳುವುದಿಲ್ಲ.

ಯಾವ ಕೇಂದ್ರ

ಶುಲ್ಕ ಕೇಂದ್ರದಿಂದ ಕೇಂದ್ರಕ್ಕೆ ಬೇರೆ, ಒಳಗೆ ಏನೇನು ಸೇರಿದೆ ಎಂಬುದೂ ಬೇರೆ. ದುಡ್ಡು ಕಟ್ಟುವ ಮೊದಲು ಕೇಳಿ: ಪುಸ್ತಕ ಎಷ್ಟು ದಿನ ಮೊದಲು ಕೈಗೆ ಬರುತ್ತದೆ, ತೋಟೆ ಯಾರದು, ಮರುಪರೀಕ್ಷೆಗೆ ಮತ್ತೆ ಕಟ್ಟಬೇಕೇ, ಸ್ವಂತ ಕೋವಿ ಇಲ್ಲದವರಿಗೆ ಕೋವಿ ಕೊಡುತ್ತಾರೆಯೇ, ಪರೀಕ್ಷೆಗೆ ಮುಂಚೆ ಅಭ್ಯಾಸಕ್ಕೆ ಎಷ್ಟು ಸಮಯ. ಎಡಗೈಯವರಾದರೆ ಅದನ್ನೂ ಹೇಳಿಬಿಡಿ, ಎರವಲು ಕೋವಿಗಳು ಸಾಮಾನ್ಯವಾಗಿ ಬಲಗೈಯವು. ಪಾಠ ಮತ್ತು ಪರೀಕ್ಷೆ ಎಲ್ಲ ಸೇರಿ ಮೂರು ನಾಲ್ಕು ದಿನದಲ್ಲಿ ಮುಗಿಸುವುದು ವಾಡಿಕೆ. ವಾರಾಂತ್ಯಕ್ಕೆ ತುರುಕುವ ಕಡೆ ಸಿದ್ಧಾಂತವನ್ನು ಮನೆಯಲ್ಲೇ ಓದಿಕೊಂಡು ಬನ್ನಿ ಎನ್ನುತ್ತಾರೆ. ಕೋವಿ ಹಿಡಿದು ಅಭ್ಯಾಸವಿರುವವರಿಗೆ ಅದು ನಡೆಯುತ್ತದೆ, ಮೊದಲ ಸಲ ಹಿಡಿಯುವವರಿಗೆ ನಡೆಯುವುದಿಲ್ಲ. ಅಂಥವರು ಮೊದಲು ಹತ್ತಿರದ ಶೂಟಿಂಗ್ ಕ್ಲಬ್ಬಿನಲ್ಲಿ .22 ಕೋವಿಯಿಂದ ಕೂತು, ನಿಂತು ಹೊಡೆಯುವುದನ್ನು ಕಲಿತು ಬಂದರೆ 40 ಮೀಟರಿನ ಆ ಎರಡು ಗುಂಡುಗಳು ತೊಂದರೆ ಕೊಡುವುದಿಲ್ಲ.